ಹಳೆಯ ಕಾರಿಗೊಂದು ಹೊಸ ರೇಡಿಯೇಟರ್

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿಯ ವಾಹನದಟ್ಟಣೆಯಲ್ಲಿ ನಿಂತಿದ್ದಾಗ, 1999ರ ಮಾದರಿಯ ನನ್ನ ಕಾರಿನ ಉಷ್ಣಾಂಶದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಎಂಜಿನ್ ಆರಿದ ಮೇಲೆ ಬಾನೆಟ್ ತೆರೆದು ನೋಡಿದರೆ, ಎಂಜಿನ್ನಿನ ಬಿಸಿಯನ್ನು ಹೊರಹಾಕುವ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಜಾಲರಿಗೆ ಸೇರುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಒಣಗಿದ ಹಸಿರು ಕೂಲಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಕಲೆ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡು ಬಗೆಯ ರೇಡಿಯೇಟರುಗಳು ಸಿಕ್ಕವು: ಹಳೆಯದರಂತೆ ಅಲ್ಯೂಮಿನಿಯಂ-ಪ್ಲಾಸ್ಟಿಕ್ಕಿನದು ಮತ್ತು ತಾಮ್ರ-ಹಿತ್ತಾಳೆಯದು. ತಾಮ್ರ-ಹಿತ್ತಾಳೆಯದು ತೂಕದಲ್ಲೂ ಬೆಲೆಯಲ್ಲೂ ಹೆಚ್ಚು. ಆದರೂ ಸೋರಿದರೆ ಬೆಸುಗೆ ಹಾಕಿಸಿ ಮತ್ತೆ ಬಳಸಬಹುದೆಂಬ ಕಾರಣಕ್ಕೆ ಅದನ್ನೇ ಆರಿಸಿದೆ. ಕೊಳ್ಳುವ ಮುನ್ನ ಹಳೆಯದನ್ನು ಪಕ್ಕದಲ್ಲಿಟ್ಟು, ಹೋಸ್ ಪೈಪು ಕೂರುವ ಬಾಯಿಗಳ ಅಳತೆ, ಫ್ಯಾನಿನ ಬೋಲ್ಟುಗಳ ತೂತು, ಜಾಲರಿಯ ದಪ್ಪ ಎಲ್ಲವನ್ನೂ ಹೋಲಿಸಿ ನೋಡಲೇಬೇಕು.

ರೇಡಿಯೇಟರಿನ ಮುಚ್ಚಳವನ್ನು ಹಲವರು ಕಡೆಗಣಿಸುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ, ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಏರಿಸುವ ಮುಚ್ಚಳದ ರಬ್ಬರ್ ಸವೆದಿದ್ದರೆ ಹೊಸ ರೇಡಿಯೇಟರಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕೊಳವೆಬಾವಿಯ ಗಡಸು ನೀರನ್ನಂತೂ ದಯವಿಟ್ಟು ತುಂಬಬೇಡಿ. ಗೀಸರಿನೊಳಗೆ ಕಟ್ಟುವ ಅದೇ ಬಿಳಿ ಸುಣ್ಣ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ನಾನು ಕೂಲಂಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸುತ್ತೇನೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ ಮತ್ತು ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಮಟ್ಟವನ್ನು ನೋಡುತ್ತೇನೆ.