ಹಳೆಯ ಆಂಪ್‌ನ ಪೆಟ್ಟಿಗೆ: ಯಾವ ಮರ ಉಳಿಸಬೇಕು, ಯಾವುದನ್ನು ಬಿಡಬೇಕು

ಮಾರ್ಚ್ 15, 2025, ಶನಿವಾರ

ಗೆಳೆಯನ ಗಿಟಾರ್ ಆಂಪ್, ಅಂದರೆ ಗಿಟಾರಿನ ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ, ಇವತ್ತು ಬಿಡಿ ಬಿಡಿಯಾಗಿ ನನ್ನ ಮೇಜಿನ ಮೇಲಿದೆ. 60ರ ದಶಕದ್ದು. ಒಳಗಿನ ಸರ್ಕ್ಯೂಟ್ ಚೆನ್ನಾಗಿದೆ, ಕೆಟ್ಟಿರುವುದು ಮರ. ಎಲ್ಲೋ ಒದ್ದೆ ನೆಲದ ಮೇಲೆ ವರ್ಷಗಟ್ಟಲೆ ಕೂತಿತ್ತು ಅನಿಸುತ್ತದೆ. ಕೆಳಗಿನ ಒಂದು ಮೂಲೆ ಮೆತ್ತಗಾಗಿದೆ. ಅಲ್ಲಿನ ಜೋಡಣೆ ಬಾಯಿ ಬಿಟ್ಟಿದೆ. ಸ್ಪೀಕರ್ ಕೂರುವ ಮುಂದಿನ ಹಲಗೆ, ಅಂದರೆ ಬ್ಯಾಫಲ್, ಉಬ್ಬಿ ಪುಡಿ ಉದುರಿಸುತ್ತಿದೆ.

ಮರ ಮುಟ್ಟುವ ಮೊದಲು ಚಾಸಿ, ಅಂದರೆ ಸರ್ಕ್ಯೂಟ್ ಕೂತಿರುವ ಲೋಹದ ತಟ್ಟೆ, ಹೊರಗೆ ತೆಗೆದೆ. ಇಲ್ಲಿ ಅವಸರ ಬೇಡ. ಇಂಥ ವಾಲ್ವ್ (ಗಾಜಿನ ಟ್ಯೂಬ್) ಆಂಪ್‌ನಲ್ಲಿ ವಿದ್ಯುತ್ ಹಿಡಿದಿಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಜಾಸ್ತಿ ಇರಬಹುದು. ಪ್ಲಗ್ ಕಿತ್ತ ಮೇಲೂ ಅದು ಹಾಗೇ ಉಳಿದಿರಬಹುದು. ರೆಸಿಸ್ಟರ್ ಇಟ್ಟು ಆ ವಿದ್ಯುತ್ ಇಳಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕಿದ್ದು. ಮರಗೆಲಸ ಮಾತ್ರ ಗೊತ್ತಿರುವವರು ಈ ಒಂದು ಕೆಲಸವನ್ನು ತಿಳಿದವರಿಂದಲೇ ಮಾಡಿಸಲಿ.

ಹೊರಗಿನ ಟೋಲೆಕ್ಸ್ ಹೊದಿಕೆಯನ್ನು (ಚರ್ಮದಂತೆ ಕಾಣುವ ವಿನೈಲ್) ಪೂರ್ತಿ ಕಿತ್ತಿಲ್ಲ. ಕೆಟ್ಟ ಮೂಲೆಯಲ್ಲಿ ಮಾತ್ರ ಹೇರ್ ಡ್ರೈಯರ್‌ನ ಬಿಸಿ ಕೊಡುತ್ತಾ, ತೆಳ್ಳನೆಯ ಅಗಲ ಚಾಕು ತೂರಿಸಿ ನಿಧಾನಕ್ಕೆ ಎಬ್ಬಿಸಿದೆ. ಆಮೇಲೆ ಅದನ್ನೇ ಮತ್ತೆ ಅಂಟಿಸಬಹುದು.

ಈಗ ಮರ. ಹೊರ ಪೆಟ್ಟಿಗೆ ಗಟ್ಟಿ ಪೈನ್ ಹಲಗೆಯದು. ಮೂಲೆಗಳಲ್ಲಿ ಎರಡು ಕೈಯ ಬೆರಳು ಹೆಣೆದ ಹಾಗೆ ಹಲ್ಲು ಹಲ್ಲಾಗಿ ಕೂಡಿಸಿದ್ದಾರೆ. ಮೊದಲು ಚೂಪಾದ ದಬ್ಬಳದಿಂದ ಒತ್ತಿ ಒತ್ತಿ ನೋಡಿದೆ. ಎಲ್ಲಿ ಸಲೀಸಾಗಿ ಒಳಗೆ ಹೋಯಿತೋ ಅಲ್ಲಿಯವರೆಗೆ ಉಳಿಯಿಂದ ತೆಗೆದೆ. ಗಟ್ಟಿ ಮರ ಸಿಕ್ಕಿದ ಕಡೆ ನಿಲ್ಲಿಸಿದೆ. ತೇಪೆಗೂ ಪೈನನ್ನೇ ಆರಿಸಿಕೊಂಡೆ, ಎಳೆ ಅದೇ ದಿಕ್ಕಿಗೆ ಬರುವಂತೆ. ಮರ ಎಳೆಯುದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಎಳೆ ತಿರುಗಾಮುರುಗಾ ಆದರೆ ಮುಂದೊಂದು ದಿನ ಅಂಟಿನ ಗೆರೆಯಲ್ಲೇ ಬಿರುಕು ಬರುತ್ತದೆ.

ತೇಪೆಯ ತುದಿಯನ್ನು ನೇರ ಕತ್ತರಿಸಿ ಅಂಟಿಸಿದರೆ ನಿಲ್ಲುವುದಿಲ್ಲ. ಎಳೆಯ ತುದಿ ಅಂಟನ್ನು ಕುಡಿದುಬಿಡುತ್ತದೆ, ಹಿಡಿತ ಬರುವುದಿಲ್ಲ. ಅದಕ್ಕೇ ಇಳಿಜಾರು ಕೊಯ್ತ: ಹಲಗೆಯ ದಪ್ಪ ಒಂದು ಪಾಲಾದರೆ ಇಳಿಜಾರಿನ ಉದ್ದ ಎಂಟು ಪಾಲು. ಇಷ್ಟು ಸಣ್ಣ ಮೂಲೆಗೆ ಇಷ್ಟು ಉದ್ದದ ಇಳಿಜಾರು ಬೇಕಾ ಎಂದು ಗೆಳೆಯ ಕೇಳಿದ. ಪೂರ್ತಿ ಆಂಪ್ ನಿಲ್ಲುವುದು ಆ ಮೂಲೆಯ ಮೇಲೆ, ಅಲ್ವಾ?

ಬಾಯಿ ಬಿಟ್ಟ ಹಲ್ಲುಗಳಲ್ಲಿ ಹಳೆಯ ಅಂಟು ಗಾಜಿನಂತೆ ಗಟ್ಟಿಯಾಗಿ ಕೂತಿತ್ತು. ಬಿಸಿ ನೀರಿನ ಬಟ್ಟೆ ಒತ್ತಿದಾಗ ಜಿಗುಟಾಯಿತು. ಅಂದರೆ ಚರ್ಮದಿಂದ ಮಾಡುವ ಹಳೆ ಕಾಲದ ಅಂಟು. ಇದರ ಗುಣ ನನಗೆ ಇಷ್ಟ: ಬಿಸಿ ಮತ್ತು ನೀರು ಕೊಟ್ಟರೆ ಬಿಡುತ್ತದೆ, ಹಳೆಯದರ ಮೇಲೆ ಹೊಸದನ್ನು ಹಚ್ಚಿದರೂ ಹಿಡಿಯುತ್ತದೆ. ಬಿಳಿ ಪಿವಿಎ ಅಂಟು ಹಾಗಲ್ಲ. ಒಣಗಿದ ತನ್ನದೇ ಪದರದ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಲ್ಲುಗಳಿಗೆ ಮತ್ತೆ ಚರ್ಮದ ಅಂಟನ್ನೇ ಹಚ್ಚಿದೆ. ಕೊಳೆತು ಹೋಗಿದ್ದ ಸಣ್ಣ ಗುಳಿಗಳಿಗೆ ಮಾತ್ರ ಎಪಾಕ್ಸಿ, ಅದು ಒಣಗುವಾಗ ಕುಗ್ಗುವುದು ತೀರಾ ಕಡಿಮೆ. ಕ್ಲಾಂಪ್ ಬಿಗಿದು ಎರಡೂ ಕರ್ಣ ಅಳೆದೆ. ಒಂದೇ ಅಳತೆ ಬಂದರೆ ಪೆಟ್ಟಿಗೆ ಓರೆಯಾಗದೆ ಮೂಲೆಗಳು ನೇರವಾಗಿವೆ ಎಂದರ್ಥ.

ಬ್ಯಾಫಲ್ ವಿಷಯದಲ್ಲಿ ನನ್ನ ನಿಲುವು ಬೇರೆ. ಫೆಂಡರ್ ಕಂಪನಿಯ 50ರ ದಶಕದ ಟ್ವೀಡ್ (ಬಟ್ಟೆ ಹೊದಿಸಿದ) ಆಂಪ್‌ಗಳಲ್ಲಿ ತೆಳು ಪ್ಲೈವುಡ್ ಬ್ಯಾಫಲ್ ಇರುತ್ತಿತ್ತು. ಮೇಲೆ ಕೆಳಗೆ ಮಾತ್ರ ಸ್ಕ್ರೂ, ಹಾಗಾಗಿ ಆ ಹಲಗೆಯೂ ಸ್ಪೀಕರ್ ಜೊತೆ ಸ್ವಲ್ಪ ಅದುರುತ್ತದೆ. 60ರ ದಶಕದಲ್ಲಿ ಪಾರ್ಟಿಕಲ್ ಬೋರ್ಡನ್ನು (ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯೊಳಗೆ ತೋಡಿದ ಸಂದಿನಲ್ಲಿ ಅಂಟಿಸಿ ಕೂರಿಸುವುದು ಬಂತು. ಈ ಆಂಪ್‌ನದೂ ಪಾರ್ಟಿಕಲ್ ಬೋರ್ಡ್. ನೀರು ಕುಡಿದು ಒಮ್ಮೆ ಉಬ್ಬಿದರೆ ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ, ಎಷ್ಟು ಒತ್ತಿದರೂ ಅಷ್ಟೇ. ಒಂದು ಬೋಲ್ಟ್ ತೂತಿನ ಅಂಚು ಉದುರುತ್ತಿದ್ದರೆ ತೆಳು ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡಬಹುದು. ಇಲ್ಲಿ ಸ್ಪೀಕರ್ ಸುತ್ತ ಎಲ್ಲ ಕಡೆ ಹಾಗಾಗಿದೆ. ಸ್ಪೀಕರಿನ ಅಷ್ಟು ತೂಕದ ಅಯಸ್ಕಾಂತವನ್ನು ಇದಕ್ಕೆ ನೇತುಹಾಕಲು ನನಗೆ ಧೈರ್ಯವಿಲ್ಲ.

ಮೂಲ ಹಲಗೆ ಹೋದರೆ ಮೂಲ ಸದ್ದೂ ಹೋಗುತ್ತದೆ ಎಂದು ಗೆಳೆಯನ ಚಿಂತೆ. ಸ್ವಲ್ಪ ಬದಲಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಪುಡಿಯಾದ ಹಲಗೆಯ ಗರಗರ ಸದ್ದನ್ನು ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ಅಂಚಿನಗುಂಟ ಕೊಯ್ದು ಹಳೆಯದನ್ನು ಆಚೆ ತೆಗೆದೆ. ಮಾಸ್ಕ್ ಹಾಕಿಕೊಂಡೇ, ಆ ಧೂಳು ಎದೆಗೆ ಒಳ್ಳೆಯದಲ್ಲ. ಅದನ್ನು ಎಸೆಯುವುದಿಲ್ಲ. ಹೊಸದಕ್ಕೆ ಅದೇ ಅಚ್ಚು. ಕೂಡಿರುವ ಪೆಟ್ಟಿಗೆಯ ಸಂದಿಗೆ ಹೊಸ ಹಲಗೆ ತೂರಿಸಲು ಆಗುವುದಿಲ್ಲ. ಒಳಗೆ ಪಟ್ಟಿ ಬಡಿದು, ಅದಕ್ಕೆ ಪ್ಲೈವುಡ್ ಬ್ಯಾಫಲ್ ಸ್ಕ್ರೂ ಮಾಡುತ್ತೇನೆ. ಬೇಕೆಂದಾಗ ಬಿಚ್ಚಲೂಬಹುದು.

ಹಿಂಬದಿ ಹಲಗೆಯ ಸವೆದ ಸ್ಕ್ರೂ ತೂತುಗಳಿಗೆ ಅಂಟು ಸವರಿದ ಟೂತ್‌ಪಿಕ್ ಸಾಕು. ಹಿಡಿಯ ತೂತಿಗೆ ಸಾಲದು. ಆಂಪ್ ಎತ್ತಿದಾಗ ಪೂರ್ತಿ ಭಾರ ಅದರ ಮೇಲೆ. ಅದನ್ನು ಅಗಲ ಕೊರೆದು, ಎಳೆಗೆ ಅಡ್ಡವಾಗಿ ಕೊರೆದು ತೆಗೆದ ಮರದ ಬಿರಡೆ ಕೂರಿಸಬೇಕು.

ನಾಳೆಯವರೆಗೆ ಕ್ಲಾಂಪ್ ಮುಟ್ಟುವುದಿಲ್ಲ. ಆಮೇಲೆ ಬ್ಯಾಫಲ್ ಕೊಯ್ತ. ಎಲ್ಲ ಜೋಡಿಸಿದ ಮೇಲೆ ತಗ್ಗಿನ ಸ್ವರದಿಂದ ಮೇಲಕ್ಕೆ ನಿಧಾನವಾಗಿ ನುಡಿಸಿ, ಎಲ್ಲಾದರೂ ಕಿರಿಕಿರಿ ಸದ್ದು ಉಳಿದಿದೆಯಾ ಎಂದು ಪೆಟ್ಟಿಗೆಯ ಸುತ್ತ ಕೈಯಿಟ್ಟು ಹುಡುಕಬೇಕು.