ಇಲ್ಲ, ಇದು ಹಾರಲ್ಲ

"ಅಣ್ಣ, ಇದು ಹಾರುತ್ತಾ?"

ಇಲ್ಲ. ಹಾರಲ್ಲ. ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮ ವೆಲ್ಡಿಂಗ್ ಶೆಡ್ ಇದೆ. ಅದರ ಮುಂದೆ ಒಂದು ನ್ಯಾಟ್ ಯುದ್ಧವಿಮಾನ ನಿಂತಿದೆ. ಅಸಲಿ ಅಳತೆಯದು, ನಾವೇ ಕಟ್ಟಿದ್ದು. ಶಾಲೆ, ಕಾಲೇಜಿನ ಮುಂದೆ ನಿಲ್ಲಿಸುವುದಕ್ಕೆ ಮಾಡಿಕೊಡುತ್ತೇವೆ. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಕೇಳುವ ಮೊದಲ ಮಾತೇ ಇದು. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ. 2023ರಲ್ಲಿ ಗುಬ್ಬಿ ಕಡೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾದ ಮೇಲೆ ಇನ್ನೊಂದು ಸೇರಿಕೊಂಡಿದೆ: "ನೀವು ಅವರ ಕಡೆಯವರಾ?" ಅಲ್ಲ. ನಾವು ಗೇಟು, ಗ್ರಿಲ್ ಮಾಡುವವರು.

ಪ್ರಶ್ನೆ ಕೇಳಿದ್ದಕ್ಕೆ ಬೇಜಾರಿಲ್ಲ. ಬೇಜಾರು ಅದರ ಹಿಂದೆ ಬರುವ ಮಾತಿಗೆ. "ಹಾರಲ್ವಾ? ಹಂಗಾದ್ರೆ ಸುಮ್ನೆ ಡಮ್ಮಿ." ಆ ಪದ ಕೇಳಿದರೆ ಮೈ ಉರಿಯುತ್ತದೆ. ಸರ್ಕಲ್‌ನಲ್ಲಿ ನಿಂತಿರುವ ಪ್ರತಿಮೆ ಭಾಷಣ ಮಾಡುತ್ತಾ ಅಂತ ಯಾರಾದರೂ ಕೇಳುತ್ತಾರಾ? ಒಳಗೆ ಸ್ಕ್ವೇರ್ ಪೈಪಿನ ಫ್ರೇಮ್, ಮೇಲೆ ಪ್ಲೈವುಡ್, ಹೊರಗೆ ಫೈಬರ್. ಅಸಲಿಯಲ್ಲಿದ್ದ ಆರ್ಫಿಯಸ್ ಜೆಟ್ ಎಂಜಿನ್ ಇದರಲ್ಲಿಲ್ಲ, ನಿಜ. ಆದರೆ ಗಾಳಿ ಒಳಗೆ ಹೋಗುವ ಬಾಯಿಯ ಅಂಚಿನಲ್ಲಿ, ಪಕ್ಕಕ್ಕೊಂದರಂತೆ, 30 ಎಂ.ಎಂ. ಫಿರಂಗಿ ಇರುತ್ತಿತ್ತು. ಅದರ ತೂತು ಸರಿಯಾದ ಜಾಗಕ್ಕೆ ಬರಲಿ ಅಂತ ಫೈಬರನ್ನು ಮೂರು ಸಲ ಕುಯ್ದು ಮತ್ತೆ ಹಾಕಿದ್ದೇವೆ.

ಹಾರುವ ವಿಷಯಕ್ಕೆ ಬಂದರೆ, ನಮ್ಮ ಅರ್ಧ ಕೆಲಸವೇ ಇದು ಹಾರದ ಹಾಗೆ ನೋಡಿಕೊಳ್ಳುವುದು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ಒಂದು ಕಡೆಯ ರೆಕ್ಕೆಯನ್ನು ಪುಟ್ಟಿ ಒಣಗಲಿ ಅಂತ ಹೊರಗೆ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆವು. ಒಳಗೆ ಇನ್ನೂ ಪೈಪ್ ಕೂರಿಸಿರಲಿಲ್ಲ, ಬರೀ ಫೈಬರ್. ಸಂಜೆ ಗಾಳಿಮಳೆ ಎದುರಿನಿಂದ ಹೊಡೆದದ್ದೇ ತಡ, ರೆಕ್ಕೆ ಸ್ಟ್ಯಾಂಡ್ ಬಿಟ್ಟು ಮೇಲೆದ್ದಿತು. ಹೋಗಿ ಕಾಂಪೌಂಡಿಗೆ ಬಡಿದು ತುದಿ ಸೀಳಿತು. ರೆಕ್ಕೆಯ ಆಕಾರ ಸರಿಯಿದ್ದರೆ ಗಾಳಿ ಎತ್ತುತ್ತದೆ, ಎಂಜಿನ್ ಇದೆಯಾ ಅಂತ ನೋಡುವುದಿಲ್ಲ. ಆರ್ಡರ್ ಕೊಡುವವರಿಗೆಲ್ಲ ಮೂತಿ ಮೇಲಕ್ಕೆ ಬೇಕು, ಚೆನ್ನಾಗಿ ಕಾಣುತ್ತೆ ಅಂತ. ಹಾಗೆ ನಿಲ್ಲಿಸಿದರೆ ಗಾಳಿ ಇನ್ನೂ ಜಾಸ್ತಿ ಎತ್ತುತ್ತದೆ, ಪಾಯವೂ ಜಾಸ್ತಿ ಬೇಕು. ದಯವಿಟ್ಟು ಪಾಯದ ಬೋಲ್ಟಿನಲ್ಲಿ ಚೌಕಾಸಿ ಮಾಡಬೇಡಿ.

ನನಗೆ ಬೇಕಾದ ಪ್ರಶ್ನೆ ಬೇರೆ. ನಿಜವಾಗಲೂ ಇಷ್ಟೇ ಇತ್ತಾ ಅಂತ ಯಾಕೆ ಯಾರೂ ಕೇಳುವುದಿಲ್ಲ? ಉದ್ದ ಸುಮಾರು 29 ಅಡಿ, ರೆಕ್ಕೆಯ ತುದಿಯಿಂದ ತುದಿಗೆ 22 ಅಡಿ. 30-40 ಸೈಟಿನಲ್ಲಿ ನಿಲ್ಲಿಸಿದರೆ ಸುತ್ತ ಓಡಾಡಲು ಜಾಗ ಉಳಿಯುತ್ತದೆ. ಇದರ ಎದುರಾಳಿ ಪಾಕಿಸ್ತಾನದ ಸೇಬರ್, ಉದ್ದಕ್ಕೂ ಅಗಲಕ್ಕೂ 37 ಅಡಿ. ಅದು ಆ ಸೈಟಿಗೆ ಹಿಡಿಯುವುದೇ ಇಲ್ಲ. ನ್ಯಾಟ್ ಬ್ರಿಟನ್ನಿನ ವಿನ್ಯಾಸ, ಆದರೆ ನಮ್ಮ ವಾಯುಪಡೆಯ ನ್ಯಾಟ್‌ಗಳಲ್ಲಿ ಬಹುಪಾಲು ಇಲ್ಲೇ ಪಕ್ಕದ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. 1971ರ ಡಿಸೆಂಬರ್ 14ರಂದು ಶ್ರೀನಗರದ ರನ್‌ವೇ ಮೇಲೆ ಸೇಬರ್‌ಗಳು ದಾಳಿ ಮಾಡುತ್ತಿದ್ದಾಗಲೇ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಮೇಲಕ್ಕೇರಿದ್ದು ಇಷ್ಟು ಚಿಕ್ಕ ವಿಮಾನದಲ್ಲಿ. ಅವರು ವಾಪಸ್ ಬರಲಿಲ್ಲ. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಇವತ್ತಿಗೂ ಅವರೊಬ್ಬರೇ. ಈ ಚಿಕ್ಕತನ ಫೋಟೋದಲ್ಲಿ ಗೊತ್ತಾಗಲ್ಲ. ಪಕ್ಕದಲ್ಲಿ ನಿಂತರೆ ಗೊತ್ತಾಗುತ್ತದೆ. ನಾನು ಅಸಲಿ ಅಳತೆಗೆ ಹಟ ಹಿಡಿಯುವುದು ಅದಕ್ಕೇ.

ಹೋದ ವರ್ಷ ಒಂದು ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಆರನೇ ಕ್ಲಾಸು ಇರಬೇಕು. ಅಪ್ಪ ಹಾರುತ್ತಾ ಅಂದರು. ಅವಳು ಏಣಿ ಹತ್ತಿ ಕಾಕ್‌ಪಿಟ್ಟಿನೊಳಗೆ ತುಂಬಾ ಹೊತ್ತು ಬಗ್ಗಿ ನೋಡಿ, "ಅಂಕಲ್, ಇದರಲ್ಲಿ ಕಾಲು ಎಲ್ಲಿಡ್ತಿದ್ರು?" ಅಂದಳು.

ಮೂತಿಯ ಕಡೆಗೆ ಮುಂದಕ್ಕೆ ಚಾಚಿ, ಪೆಡಲ್ ಮೇಲೆ ಅಂದೆ. ಅಲ್ಲಿ ಪೆಡಲ್ ಇರಲಿಲ್ಲ. ಯಾರಿಗೂ ಕಾಣಲ್ಲ ಅಂತ ನಾವು ಹಾಕಿರಲಿಲ್ಲ. "ಇಲ್ವಲ್ಲ" ಅಂದಳು.

ಅದೇ ವಾರ ಪೆಡಲ್ ಮಾಡಿ ಕೂರಿಸಿದೆ. ನೆಲದಲ್ಲಿ ನಿಂತರೆ ಕಾಣಲ್ಲ. ಏಣಿ ಹತ್ತಿ, ಟಾರ್ಚ್ ಹಾಕಿ ನೋಡಬೇಕು.