ಒಂದು ಪಾಠದ ಹೊತ್ತಿನ ಕರೆಂಟು

ವೀಣೆ ಕಲಿಸುವುದು ನನ್ನ ಕೆಲಸ. ಮಕ್ಕಳ ಮನೆಗೇ ಹೋಗಿ ಪಾಠ ಮಾಡುತ್ತೇನೆ. ಗಿರಿನಗರ, ಕತ್ರಿಗುಪ್ಪೆ, ಜಯನಗರ, ವಾರಕ್ಕೊಮ್ಮೆ ಕನಕಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟುಗಳು. ಓಡಾಟಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಇದೆ. ಮನೆ ಶ್ರೀನಗರದಲ್ಲಿ, ಎರಡನೇ ಮಹಡಿ, ಬಾಡಿಗೆ. ಕೆಳಗೆ ಗಾಡಿ ನಿಲ್ಲಿಸಲು ಜಾಗವಿದೆ, ಪ್ಲಗ್ ಪಾಯಿಂಟ್ ಇಲ್ಲ. ನನ್ನ ಖರ್ಚಿನಲ್ಲೇ ಮೀಟರ್ ಬೋರ್ಡಿನಿಂದ ಲೈನ್ ಎಳೆಸಿಕೊಳ್ಳುತ್ತೇನೆ ಅಂದರೂ ಓನರ್ ಒಪ್ಪಿಲ್ಲ. ಬ್ಯಾಟರಿ ಬಿಚ್ಚಿ ಮೇಲಕ್ಕೆ ಹೊತ್ತೊಯ್ಯುವಂಥ ಗಾಡಿಯೂ ಅಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಪುಕ್ಕಟೆ ಚಾರ್ಜಿಂಗ್ ಎಲ್ಲೆಲ್ಲಿದೆ ಅನ್ನುವುದನ್ನು ನಾನು ಹುಡುಕಿ ಹುಡುಕಿಯೇ ತಿಳಿದುಕೊಂಡೆ.

ಹುಡುಕುವ ಮುಂಚೆ ಲೆಕ್ಕ ಗೊತ್ತಿರಬೇಕು. ನನ್ನ ಗಾಡಿಯ ಬ್ಯಾಟರಿ 3.7 ಯೂನಿಟ್‌ನದು. ಚಾರ್ಜರ್ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿಕೊಂಡರೆ ಪೂರ್ತಿ ತುಂಬಲು ಹೆಚ್ಚೆಂದರೆ ನಾಲ್ಕೂವರೆ ಯೂನಿಟ್ ಬೇಕು. ಮನೆ ಬಳಕೆಯ ದರ ಯೂನಿಟ್‌ಗೆ 6 ರೂಪಾಯಿ ಆಸುಪಾಸು ಇದೆ, ಅಂದರೆ 30 ರೂಪಾಯಿಯೊಳಗೆ ಮುಗಿಯಿತು. ಗಾಡಿ ಜೊತೆ ಕೊಡುವ ಚಾರ್ಜರ್ ಗಂಟೆಗೆ ಮುಕ್ಕಾಲು ಯೂನಿಟ್ ಎಳೆದರೆ ಹೆಚ್ಚು. ನಾನು ಒಂದು ವರ್ಣ ಹೇಳಿಕೊಟ್ಟು ಹಿಂದಿನ ವಾರದ್ದನ್ನು ಕೇಳಿ ಎದ್ದು ಬರುವಷ್ಟರಲ್ಲಿ, ಅಂದರೆ ಒಂದು ಗಂಟೆಯಲ್ಲಿ, ಗಾಡಿ ಕುಡಿದಿರುವುದು 5 ರೂಪಾಯಿಯ ಕರೆಂಟು. ಅಷ್ಟರಲ್ಲಿ 15ರಿಂದ 20 ಕಿಲೋಮೀಟರ್ ಓಡಬಹುದು. ನನ್ನ ಒಂದು ದಿನದ ತಿರುಗಾಟ ಬಹುಮಟ್ಟಿಗೆ ಅಷ್ಟೇ.

ಈ ಲೆಕ್ಕ ತಲೆಯಲ್ಲಿದ್ದರೆ ಎಷ್ಟೋ ಜಾಗಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಮಾಲ್‌ಗಳ ಬೇಸ್‌ಮೆಂಟಿನಲ್ಲಿ ಕೆಲವು ಕಡೆ ಚಾರ್ಜಿಂಗ್‌ಗೆ ದುಡ್ಡು ಕೇಳುವುದಿಲ್ಲ, ಆದರೆ ಪಾರ್ಕಿಂಗ್‌ಗೆ 30 ರೂಪಾಯಿ ಕೊಟ್ಟು 5 ರೂಪಾಯಿಯ ಕರೆಂಟು ತುಂಬಿಸಿಕೊಂಡು ಬರುವುದರಲ್ಲಿ ಅರ್ಥವಿಲ್ಲ. ಅದಕ್ಕೆಂದೇ ಆರು ಕಿಲೋಮೀಟರ್ ಸುತ್ತಿ ಹೋಗುವುದೂ ಹಾಗೇ. ಹೇಗೂ ಒಂದು ಗಂಟೆ ಕೂರಬೇಕಾದ ಜಾಗದಲ್ಲಿ ಸಿಕ್ಕರೆ ಮಾತ್ರ ಅದು ಉಪಯೋಗ. ತಿಂಡಿ ತಿನ್ನುವ ಹೋಟೆಲು, ಸಂಗೀತ ಕಚೇರಿ ನಡೆಯುವ ಸಭಾಂಗಣ, ಪಾಠದ ಮನೆ.

ಆ್ಯಪ್‌ಗಳು ಬೇಕಾದಷ್ಟಿವೆ. ಬೆಸ್ಕಾಂನ ಇ.ವಿ. ಮಿತ್ರದಲ್ಲಿ ಅವರ ಸ್ಟೇಷನ್‌ಗಳು ಸಿಗುತ್ತವೆ. ಬಳಸುವವರೇ ಮಾಹಿತಿ ಹಾಕುವ ಪ್ಲಗ್‌ಶೇರ್‌ನಲ್ಲಿ, ದುಡ್ಡು ಕೊಡಬೇಕಾದ ಜಾಗಗಳನ್ನು ಮರೆಮಾಡಿ ಉಳಿದದ್ದನ್ನು ನೋಡಬಹುದು. ಆದರೆ ನಕ್ಷೆಯ ಮೇಲೆ ಚುಕ್ಕಿ ಕಂಡ ಕೂಡಲೇ ಹೊರಡಬಾರದು. ಕೊನೆಯ ಸಲ ಅಲ್ಲಿ ಯಾರು ಯಾವಾಗ ಚಾರ್ಜ್ ಮಾಡಿದ್ದಾರೆ ಎಂಬ ತಾರೀಕು ನೋಡಿ, ಆಮೇಲೆ ಫೋಟೊ ನೋಡಿ. ದಪ್ಪ ಕೇಬಲ್ ನೇತಾಡುತ್ತಿದ್ದರೆ ಅದು ಕಾರಿನ ಫಾಸ್ಟ್ ಚಾರ್ಜಿಂಗ್ ಪ್ಲಗ್ ಸಿಸಿಎಸ್-2, ಸ್ಕೂಟರಿಗೆ ಬರುವುದಿಲ್ಲ. ಮೂರು ತೂತಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಇದ್ದರೆ ಮನೆಯ ಪ್ಲಗ್ ಕೂರುವುದಿಲ್ಲ, ಅಡಾಪ್ಟರ್ ಬೇಕು. ನಮಗೆ ಬೇಕಾದದ್ದು ಗೀಸರ್‌ಗೆ ಹಾಕಿಸುತ್ತೇವಲ್ಲ, ಆ 15 ಆಂಪ್ ಪಾಯಿಂಟು.

ಆ ಪಾಯಿಂಟಿಗೂ ಅರ್ಥಿಂಗ್ ಸರಿಯಿರಬೇಕು. ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೂರು ದೀಪದ ಸಣ್ಣ ಸಾಕೆಟ್ ಟೆಸ್ಟರ್ ಸಿಗುತ್ತದೆ, ಸೀಟಿನ ಕೆಳಗೆ ಒಂದನ್ನು ಇಟ್ಟುಕೊಂಡಿದ್ದೇನೆ. ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ದಯವಿಟ್ಟು ಹಾಕಬೇಡಿ. ಗಂಟೆಗಟ್ಟಲೆ ಲೋಡ್ ಬಿದ್ದರೆ ವೈರು ಕಾಯುತ್ತದೆ, ಮಳೆಗಾಲದಲ್ಲಂತೂ ಪ್ರಾಣಕ್ಕೇ ಅಪಾಯ.

ಈ ಊರಿಗೆ ಇದೆಲ್ಲ ಹೊಸದಲ್ಲ. ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ರಸ್ತೆಗಿಳಿದದ್ದು ಇಲ್ಲೇ. ಅದಕ್ಕೂ ಮಾಮೂಲಿ 15 ಆಂಪ್ ಪ್ಲಗ್ ಸಾಕಾಗುತ್ತಿತ್ತು. ಅದೇ ಕಾರು ಜಿ-ವಿಝ್ ಎಂಬ ಹೆಸರಲ್ಲಿ ಲಂಡನ್ನಿಗೆ ಹೋಗಿ, ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ಅಲ್ಲಿ ಹಾಕುವ ಕಂಜೆಶನ್ ಚಾರ್ಜ್ ಎಂಬ ಶುಲ್ಕ ಕಟ್ಟದೆ ಓಡಾಡಿತು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ಕರ್ನಾಟಕವೇ. 2018ರಲ್ಲಿ ಏಥರ್ ಸ್ಕೂಟರ್ ಬಂದಾಗ ಆ ಕಂಪನಿಯ ಚಾರ್ಜಿಂಗ್ ಜಾಲವಾದ ಏಥರ್ ಗ್ರಿಡ್‌ನಲ್ಲಿ ಚಾರ್ಜಿಂಗ್ ಪುಕ್ಕಟೆಯಾಗಿತ್ತು. ಆ ಗಡುವನ್ನು ಮುಂದೂಡುತ್ತ 2021ರವರೆಗೂ ತಂದರು, ಆಮೇಲೆ ದರ ಬಂತು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಫಾಸ್ಟ್ ಚಾರ್ಜರ್ ಯಂತ್ರ, ಅದರ ರಿಪೇರಿ, ಜಾಗದ ಬಾಡಿಗೆ, ಎಲ್ಲಕ್ಕೂ ಯಾರಾದರೂ ದುಡ್ಡು ಕೊಡಲೇಬೇಕು. ಕಾರುಗಳಿಗೂ ಪುಕ್ಕಟೆ ಉಳಿಯುವುದಿಲ್ಲ. ಒಂದು ಕಾರು ತುಂಬಲು ಮೂವತ್ತು ನಲವತ್ತು ಯೂನಿಟ್ ಬೇಕು, ಅಷ್ಟನ್ನು ದಿನವೂ ಯಾವ ಅಂಗಡಿಯವನು ಕೊಟ್ಟಾನು?

ಸ್ಕೂಟರಿನ ಮಾತು ಬೇರೆ. 5 ರೂಪಾಯಿ ವಸೂಲಿ ಮಾಡಲು ಮೀಟರು, ಆ್ಯಪು, ವ್ಯಾಲೆಟ್ಟು ಅಂತ ಕಟ್ಟಿಕೊಂಡು ಕೂರುವುದೇ ಹೆಚ್ಚು ಖರ್ಚು. ನಾನು ಹೋಗುವ ಒಂದು ದರ್ಶಿನಿಯ ಮಾಲೀಕರು ಗೋಡೆಗೆ ಎರಡು ಪಾಯಿಂಟ್ ಹಾಕಿಸಿ ಬಿಟ್ಟಿದ್ದಾರೆ, ಬೋರ್ಡೂ ಇಲ್ಲ. ಸಂಜೆ ಅಲ್ಲಿ ಇ-ಆಟೊದ ಒಬ್ಬರು ಸಿಗುತ್ತಾರೆ. "ಅಕ್ಕಾ, ನಿಮ್ಮದು ಎಷ್ಟಾಗಿದೆ?" ಎಂದು ಕೇಳಿಯೇ ಅವರು ಪ್ಲಗ್ ಮುಟ್ಟುವುದು. ನನ್ನದು ಅರ್ಧ ದಾಟಿದ್ದರೆ ನಾನೇ ತೆಗೆದು ಬಿಟ್ಟುಕೊಡುತ್ತೇನೆ, ಅವರ ಅವತ್ತಿನ ದುಡಿಮೆ ಅದರ ಮೇಲೆ ನಿಂತಿದೆ. ಚಾರ್ಜ್ ಆದ ಮೇಲೂ ಗಾಡಿ ನಿಲ್ಲಿಸಿ ಸಿನಿಮಾಕ್ಕೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಂಥವರಿಂದಲೇ ಒಳ್ಳೆಯ ಮಾಲೀಕರು ಬೇಸತ್ತು ಸ್ವಿಚ್ ಆರಿಸುವುದು.

ನನಗೆ ಬೇಜಾರಾಗುವುದು ಅಪಾರ್ಟ್‌ಮೆಂಟುಗಳ ವಿಷಯದಲ್ಲಿ. ಬೇಸ್‌ಮೆಂಟಿನ ಕಂಬಕಂಬಕ್ಕೂ ಪಾಯಿಂಟ್ ಇರುತ್ತದೆ. ವಿಸಿಟರ್ ಪಾರ್ಕಿಂಗ್‌ನಲ್ಲಿ ಒಂದೂ ಇರುವುದಿಲ್ಲ. ಟ್ಯೂಷನ್ ಮೇಷ್ಟ್ರು, ಫಿಸಿಯೊಥೆರಪಿ ಮಾಡುವವರು, ಅಡುಗೆಗೆ ಬರುವವರು, ಇವರೆಲ್ಲ ಅಲ್ಲಿ ಒಂದೆರಡು ಗಂಟೆ ಇದ್ದು ಹೋಗುವವರು. ಇವರಲ್ಲಿ ಹಲವರಿಗೆ ನನ್ನ ಹಾಗೆ ಮನೆಯಲ್ಲಿ ಪಾಯಿಂಟಿಲ್ಲ. ಕನಕಪುರ ರಸ್ತೆಯ ಒಂದು ಕಡೆ ನನ್ನ ಶಿಷ್ಯೆಯ ತಾಯಿ ಅಸೋಸಿಯೇಷನ್ನಿನವರನ್ನು ಕೇಳಿದರು. ಹೊರಗಿನವರಿಗೆ ಕರೆಂಟು ಕೊಟ್ಟರೆ ಲೈಸೆನ್ಸ್ ತೊಂದರೆ ಬರುತ್ತದೆ ಎಂಬ ಉತ್ತರ ಬಂತು.

ಆ ತೊಂದರೆ ಇಲ್ಲ. ವಾಹನ ಚಾರ್ಜ್ ಮಾಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. 2023ರಲ್ಲಿ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಕಂಪನಿ ಕೇಳಿದ ಪ್ರಶ್ನೆಗೆ ನಮ್ಮ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪಿನ ಪ್ರಾಧಿಕಾರವೂ (ಯಾವುದಕ್ಕೆ ಎಷ್ಟು ತೆರಿಗೆ ಎಂದು ಮೊದಲೇ ಕೇಳಿದವರಿಗೆ ಹೇಳುವ ಸಂಸ್ಥೆ) ಇದನ್ನು ಸೇವೆ ಎಂದೇ ಎಣಿಸಿ ಶೇ. 18ರ ತೆರಿಗೆ ಹೇಳಿತು. ಆ ತೆರಿಗೆಯ ಮಾತು ಬರುವುದೂ ದುಡ್ಡು ವಸೂಲಿ ಮಾಡಿದಾಗ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಸೋಸಿಯೇಷನ್ ಆಫೀಸಿಗೆ ಕೊಟ್ಟಿದ್ದೇನೆ. ವಿಸಿಟರ್ ಪಾರ್ಕಿಂಗ್‌ನಲ್ಲಿ ಅರ್ಥಿಂಗ್ ಸರಿಯಿರುವ ನಾಲ್ಕು ಪಾಯಿಂಟು, ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಸಮೇತ. ಸೆಕ್ಯುರಿಟಿಯವರ ಹತ್ತಿರ ಒಂದು ಪುಸ್ತಕ, ಅದರಲ್ಲಿ ಗಾಡಿ ನಂಬರು, ಹಾಕಿದ ಹೊತ್ತು, ತೆಗೆದ ಹೊತ್ತು. ಒಬ್ಬರಿಗೆ ಎರಡು ಗಂಟೆ ಮಿತಿ. ತಿಂಗಳಿಗೆ ಎಷ್ಟು ಯೂನಿಟ್ ಆದೀತು ಎಂಬ ಅಂದಾಜನ್ನೂ ಹಾಕಿದ್ದೇನೆ. ನಾಲ್ಕೂ ಪಾಯಿಂಟು ದಿನಕ್ಕೆ ಆರು ಗಂಟೆ ಓಡಿದರೂ ಸುಮಾರು 540 ಯೂನಿಟ್, ನೂರಾರು ಮನೆಗಳಿಗೆ ಹಂಚಿದರೆ ಮನೆಗೆ ಹತ್ತಿಪ್ಪತ್ತು ರೂಪಾಯಿ. ಮುಂದಿನ ಮೀಟಿಂಗ್‌ನಲ್ಲಿ ಇಡುತ್ತೇವೆ ಅಂದಿದ್ದಾರೆ. ಅವತ್ತು ಪಾಠ ಇಟ್ಟುಕೊಳ್ಳದೆ ನಾನೂ ಹೋಗಿ ಕೂರುತ್ತೇನೆ.